ಇಗ್ಬೊ ಬರೆಯಲು ಕಲಿಯುವವರಿಗೆ: ಎಂಟು ಸ್ವರಗಳಿಂದ ಶುರು ಮಾಡಿ

ರೋಮನ್ ಲಿಪಿಯಲ್ಲಿ ಬರೆಯುವ ಭಾಷೆ ಎಂದ ಮೇಲೆ ಅದರ ಕಾಗುಣಿತವನ್ನು ಬೇರೆಯಾಗಿ ಕಲಿಯಬೇಕೇ ಎಂದು ಇಗ್ಬೊ ಕಲಿಯಲು ಹೊರಟವರಲ್ಲಿ ಬಹಳ ಮಂದಿ ಕೇಳುತ್ತಾರೆ. ಇಂಗ್ಲಿಷ್ ಅಕ್ಷರ ಬಲ್ಲವರು ಇಗ್ಬೊ ಪುಟವೊಂದನ್ನು ಗಡಗಡನೆ ಓದಿ ಮುಗಿಸಬಹುದು, ನಿಜ. ಆದರೆ ಇಗ್ಬೊ ಮನೆಮಾತಿನವರು ಆ ಓದನ್ನು ಕೇಳಿದರೆ ಎಷ್ಟೋ ಪದಗಳು ಅವರಿಗೆ ಗುರುತೇ ಸಿಗುವುದಿಲ್ಲ. ಅಕ್ಷರ ನಮಗೆ ಪರಿಚಿತ, ಅದರ ಹಿಂದಿನ ವ್ಯವಸ್ಥೆ ಅಪರಿಚಿತ. ಈ ಲೇಖನ ಆ ವ್ಯವಸ್ಥೆಯ ಬಗ್ಗೆ.

ಇಗ್ಬೊ ನೈಜೀರಿಯಾದ ಆಗ್ನೇಯ ಭಾಗದ ಭಾಷೆ. ಅನಾಂಬ್ರಾ, ಇಮೊ, ಅಬಿಯಾ, ಎನುಗು, ಎಬೊನ್ಯಿ ರಾಜ್ಯಗಳು ಅದರ ತವರು. ಪಕ್ಕದ ಡೆಲ್ಟಾ ಮತ್ತು ರಿವರ್ಸ್ ರಾಜ್ಯಗಳಲ್ಲೂ ಇಗ್ಬೊ ಮಾತನಾಡುವವರಿದ್ದಾರೆ. ಎಲ್ಲ ಸೇರಿ ಎರಡು ಕೋಟಿಗೂ ಹೆಚ್ಚು ಜನ. ಲಾಗೋಸಿನಲ್ಲಿ ಕೆಲಸಕ್ಕಿರುವ ಕನ್ನಡಿಗರಿಗೆ, ಬೆಂಗಳೂರು ಮೈಸೂರಿನ ಕಾಲೇಜುಗಳಲ್ಲಿ ನೈಜೀರಿಯಾದ ಸಹಪಾಠಿಗಳಿರುವವರಿಗೆ, ನೈಜೀರಿಯಾದ ಸಾಹಿತ್ಯ ಓದುವಾಗ ಹೆಸರುಗಳನ್ನು ಸರಿಯಾಗಿ ಉಚ್ಚರಿಸಬೇಕೆಂಬ ಆಸೆ ಇರುವವರಿಗೆ ಈ ಕಲಿಕೆ ಉಪಯೋಗಕ್ಕೆ ಬರುತ್ತದೆ.

ಒಂದು ಏರ್ಪಾಡು ಮೊದಲೇ ಹೇಳಿಬಿಡುತ್ತೇನೆ. ರೋಮನ್ ಅಕ್ಷರಗಳನ್ನು ಇಲ್ಲಿ ಅವುಗಳ ಇಂಗ್ಲಿಷ್ ಹೆಸರಿನಿಂದ, ಉದ್ಧರಣ ಚಿಹ್ನೆಯೊಳಗೆ ಕರೆಯುತ್ತೇನೆ: 'ಎ', 'ಬಿ', 'ಐ', 'ಓ', 'ಯು'. ಉಚ್ಚಾರಣೆಯ ಮಾತು ಬಂದಾಗ ಅಕಾರ, ಇಕಾರ, ಎಕಾರ ಎನ್ನುತ್ತೇನೆ. ನೀವು ನೋಟ್‌ಬುಕ್ ತೆರೆದಿಟ್ಟುಕೊಂಡು, ಇಲ್ಲಿ ಬರುವ ಪ್ರತಿ ಪದವನ್ನೂ ರೋಮನ್ ಲಿಪಿಯಲ್ಲಿ, ಚುಕ್ಕೆ ಸಮೇತ, ಕೈಯಾರೆ ಬರೆಯಿರಿ. ಬರೆಯದೆ ಓದಿದರೆ ಈ ಲೇಖನದಿಂದ ಹೆಚ್ಚು ಪ್ರಯೋಜನವಿಲ್ಲ.

ಮೊದಲ ಹೆಜ್ಜೆ: ಅಕ್ಷರಮಾಲೆ

ಇಂದಿನ ಇಗ್ಬೊ ಬರವಣಿಗೆಗೆ ಆಧಾರ 1961ರಲ್ಲಿ ಡಾ. ಎಸ್. ಇ. ಒನ್ವು ಅವರ ಅಧ್ಯಕ್ಷತೆಯ ಸಮಿತಿ ನಿಗದಿ ಮಾಡಿದ ಕ್ರಮ. ಅದರಲ್ಲಿ 36 ಅಕ್ಷರಗಳಿವೆ, ಈ ಅನುಕ್ರಮದಲ್ಲಿ:

'ಎ', 'ಬಿ', 'ಸಿ-ಎಚ್', 'ಡಿ', 'ಇ', 'ಎಫ್', 'ಜಿ', 'ಜಿ-ಬಿ', 'ಜಿ-ಎಚ್', 'ಜಿ-ಡಬ್ಲ್ಯೂ', 'ಎಚ್', 'ಐ', 'ಚುಕ್ಕೆ-ಐ', 'ಜೆ', 'ಕೆ', 'ಕೆ-ಪಿ', 'ಕೆ-ಡಬ್ಲ್ಯೂ', 'ಎಲ್', 'ಎಂ', 'ಎನ್', 'ಚುಕ್ಕೆ-ಎನ್', 'ಎನ್-ಡಬ್ಲ್ಯೂ', 'ಎನ್-ವೈ', 'ಓ', 'ಚುಕ್ಕೆ-ಓ', 'ಪಿ', 'ಆರ್', 'ಎಸ್', 'ಎಸ್-ಎಚ್', 'ಟಿ', 'ಯು', 'ಚುಕ್ಕೆ-ಯು', 'ವಿ', 'ಡಬ್ಲ್ಯೂ', 'ವೈ', 'ಝಡ್'.

'ಐ', 'ಓ', 'ಯು' ಅಕ್ಷರಗಳಿಗೆ ಚುಕ್ಕೆ ಕೆಳಗೆ ಬರುತ್ತದೆ. 'ಎನ್'ಗೆ ಮಾತ್ರ ಮೇಲೆ. 'ಚುಕ್ಕೆ-ಐ'ಗೆ ಮಾಮೂಲಿನ ಮೇಲಿನ ಚುಕ್ಕೆಯೂ ಉಳಿಯುತ್ತದೆ, ಕೆಳಗೆ ಇನ್ನೊಂದು ಸೇರುತ್ತದೆ. 'ಕ್ಯೂ', 'ಎಕ್ಸ್' ಇಲ್ಲವೇ ಇಲ್ಲ. 'ಸಿ' ಒಂಟಿಯಾಗಿ ಬರುವುದಿಲ್ಲ. ಎರಡು ರೂಪ ಜೋಡಿಸಿ ಬರೆಯುವ ಒಂಬತ್ತು ಅಕ್ಷರಗಳಿವೆ, ಆದರೆ ಪ್ರತಿಯೊಂದೂ ಒಂದೇ ಅಕ್ಷರ ಎಂದೇ ಲೆಕ್ಕ. ಈ ಕ್ರಮವನ್ನು ಪಾಲಿಸುವ ನಿಘಂಟಿನಲ್ಲಿ 'ಜಿ' ಪದಗಳೆಲ್ಲ ಮುಗಿದ ಮೇಲಷ್ಟೇ 'ಜಿ-ಬಿ' ಪದಗಳು ಶುರುವಾಗುತ್ತವೆ. ಇದು ಗೊತ್ತಿಲ್ಲದೆ ಹುಡುಕುವವರಿಗೆ ಪದ ಸಿಗುವುದಿಲ್ಲ.

ಎರಡನೆಯ ಹೆಜ್ಜೆ: ಸ್ವರಗಳ ಎರಡು ಗುಂಪು

ಇಲ್ಲಿ ಸಾಕಷ್ಟು ದಿನ ನಿಲ್ಲಿ. ಇಗ್ಬೊ ಕಾಗುಣಿತದ ಬೀಗದ ಕೈ ಇರುವುದು ಇಲ್ಲೇ ಎಂಬುದು ನನ್ನ ದೃಢವಾದ ನಂಬಿಕೆ.

ಸ್ವರಗಳು ಎಂಟು. ಅವು ನಾಲ್ಕು ನಾಲ್ಕರಂತೆ ಎರಡು ಗುಂಪು. ಮೊದಲ ಗುಂಪಿನಲ್ಲಿ 'ಇ', 'ಐ', 'ಓ', 'ಯು'. ಇವುಗಳ ಉಚ್ಚಾರಣೆ ಹೆಚ್ಚುಕಡಿಮೆ ಕನ್ನಡದ ಎಕಾರ, ಇಕಾರ, ಒಕಾರ, ಉಕಾರ. ಎರಡನೆಯ ಗುಂಪಿನಲ್ಲಿ 'ಎ', 'ಚುಕ್ಕೆ-ಐ', 'ಚುಕ್ಕೆ-ಓ', 'ಚುಕ್ಕೆ-ಯು'. 'ಎ' ಎಂದರೆ ಅಕಾರ. 'ಚುಕ್ಕೆ-ಓ' ಬಾಯಿ ಅಗಲಿಸಿ ಹೇಳುವ ಸ್ವರ. ಇಂಗ್ಲಿಷಿನ ಬಾಲ್, ಹಾಲ್ ಪದಗಳಲ್ಲಿ ಕೇಳುವುದರ ಹತ್ತಿರದ್ದು. 'ಚುಕ್ಕೆ-ಐ' ಸಡಿಲವಾದ ಇಕಾರ, ಎಕಾರದ ಕಡೆಗೆ ಸ್ವಲ್ಪ ವಾಲುತ್ತದೆ. 'ಚುಕ್ಕೆ-ಯು' ಸಡಿಲವಾದ ಉಕಾರ, ಒಕಾರದ ಕಡೆಗೆ ವಾಲುತ್ತದೆ. ವ್ಯತ್ಯಾಸ ಹುಟ್ಟುವುದು ನಾಲಿಗೆಯ ಬುಡದಲ್ಲಿ: ಮೊದಲ ಗುಂಪಿಗೆ ಬುಡ ಮುಂದಕ್ಕೆ ಬರುತ್ತದೆ, ಎರಡನೆಯದಕ್ಕೆ ಹಿಂದಕ್ಕೆ ಸರಿಯುತ್ತದೆ.

ನಿಯಮ ಇಷ್ಟೇ: ಸಮಾಸವಲ್ಲದ ಪದವೊಂದರಲ್ಲಿ ಸ್ವರಗಳೆಲ್ಲ ಸಾಮಾನ್ಯವಾಗಿ ಒಂದೇ ಗುಂಪಿಗೆ ಸೇರಿರುತ್ತವೆ. ಒಂದರಿಂದ ಹತ್ತರವರೆಗಿನ ಎಣಿಕೆ ನೋಡಿ. ಒತು, ಅಬುಒ, ಅತೊ, ಅನೊ, ಇಸೆ, ಇಸಿಇ, ಅಸಅ, ಅಸತೊ, ಇತೊಒಲು, ಇರಿ. ಇವುಗಳಲ್ಲಿ ಎರಡು, ಮೂರು, ನಾಲ್ಕು, ಏಳು, ಎಂಟು 'ಎ' ಅಕ್ಷರದಿಂದ ಆರಂಭವಾಗುತ್ತವೆ. 'ಎ' ಎರಡನೆಯ ಗುಂಪಿನದು. ಹಾಗಾಗಿ ಈ ಐದು ಪದಗಳಲ್ಲಿ ಒಕಾರ ಉಕಾರ ಬಂದಲ್ಲೆಲ್ಲ ಕೆಳಗೆ ಚುಕ್ಕೆ ಇರಲೇಬೇಕು: ಅಬುಒ ಎಂಬಲ್ಲಿ 'ಎ', 'ಬಿ', 'ಚುಕ್ಕೆ-ಯು', 'ಚುಕ್ಕೆ-ಓ'. ಉಳಿದ ಐದು ಪದಗಳು ಮೊದಲ ಗುಂಪಿನವು, ಒಂದೂ ಚುಕ್ಕೆ ಇಲ್ಲ. ಹತ್ತು ಪದ ಬಾಯಿಪಾಠವಾದರೆ ನಿಯಮ ತಾನಾಗಿ ಕೈಗೆ ಬರುತ್ತದೆ.

ವಾರದ ದಿನಗಳನ್ನೂ ಇದಕ್ಕೆ ಸೇರಿಸಿಕೊಳ್ಳಿ. ಇಗ್ಬೊ ಸಂಪ್ರದಾಯದ ವಾರಕ್ಕೆ ನಾಲ್ಕೇ ದಿನ, ಸಂತೆಯ ದಿನಗಳು: ಎಕೆ, ಒರಿಎ, ಅಫೊ, ನ್ಕ್ವೊ. ಮೊದಲ ಎರಡು ಚುಕ್ಕೆಯಿಲ್ಲದವು, ಕೊನೆಯ ಎರಡಕ್ಕೆ 'ಚುಕ್ಕೆ-ಓ'.

ಇದು ಉಚ್ಚಾರಣೆಯ ನಾಜೂಕು ಮಾತ್ರ ಎಂದುಕೊಳ್ಳಬೇಡಿ, ವ್ಯಾಕರಣವೂ ಇದರ ಮೇಲೆಯೇ ನಡೆಯುತ್ತದೆ. 'ಅವನು' ಅಥವಾ 'ಅವಳು' ಎಂಬುದಕ್ಕೆ ಒಂದೇ ಅಕ್ಷರದ ಸರ್ವನಾಮವಿದೆ. ಮುಂದಿನ ಕ್ರಿಯಾಪದ ಮೊದಲ ಗುಂಪಿನದಾದರೆ ಅದು ಬರಿಯ 'ಓ', ಎರಡನೆಯದಾದರೆ 'ಚುಕ್ಕೆ-ಓ'. ಭೂತಕಾಲದಲ್ಲಿ ಧಾತುವಿನ ಮುಂದೆ 'ಆರ್' ಬಂದು ಧಾತುವಿನ ಸ್ವರವೇ ಮತ್ತೊಮ್ಮೆ ಬರುತ್ತದೆ: ರಿ ಎಂದರೆ ತಿನ್ನು, ರಿರಿ ತಿಂದ; ಗ ಎಂದರೆ ಹೋಗು, ಗರ ಹೋದ; ಝು ಎಂದರೆ ಕೊಳ್ಳು, ಝುರು ಕೊಂಡ. ಈಗ ಎರಡು ವಾಕ್ಯ ಬರೆಯಿರಿ. 'ಒ ರಿರಿ ಜಿ', ಅವಳು ಗೆಣಸು ತಿಂದಳು. ಇಲ್ಲಿ ಒಂದೂ ಚುಕ್ಕೆಯಿಲ್ಲ. (ಜಿ ಎಂದರೆ ಆಫ್ರಿಕಾದ ದಪ್ಪ ಯಾಮ್ ಗೆಡ್ಡೆ, ಗೆಣಸು ಎಂಬುದು ಸಮೀಪದ ಮಾತಷ್ಟೇ.) 'ಒ ಝುರು ಅಝು', ಅವಳು ಮೀನು ಕೊಂಡಳು, ಇಲ್ಲಿ ಸರ್ವನಾಮಕ್ಕೂ ಚುಕ್ಕೆ, ಮುಂದಿನ ಮೂರೂ ಉಕಾರಗಳಿಗೂ ಚುಕ್ಕೆ. ಈ ಎರಡು ವಾಕ್ಯಗಳನ್ನು ತಪ್ಪಿಲ್ಲದೆ ಬರೆದು, ಏಕೆ ಹಾಗೆ ಎಂದು ಇನ್ನೊಬ್ಬರಿಗೆ ವಿವರಿಸಬಲ್ಲಿರಾದರೆ ಮುಂದಕ್ಕೆ ಹೋಗಿ.

ಚುಕ್ಕೆ ಬಿಟ್ಟರೆ ಪದವೇ ಬೇರೆಯಾಗುವುದೂ ಉಂಟು. ಉಕ್ವು ಎಂಬುದರ ಎರಡೂ ಉಕಾರಕ್ಕೆ ಚುಕ್ಕೆಯಿದ್ದರೆ ಕಾಲು. ಚುಕ್ಕೆಯಿಲ್ಲದಿದ್ದರೆ ಸೊಂಟ, ಇಲ್ಲವೇ 'ದೊಡ್ಡದು'. ಕನ್ನಡ ಲಿಪಿಯಲ್ಲಿ ಎರಡೂ ಒಂದೇ ಆಗಿ ಕಾಣುತ್ತವೆ, ನೋಡಿ. ಈ ಕಾರಣಕ್ಕೇ, ಇಗ್ಬೊ ಪದಗಳನ್ನು ಕನ್ನಡದಲ್ಲಿ ಬರೆದಿಟ್ಟುಕೊಂಡು ಕಲಿಯುವ ಅಭ್ಯಾಸವನ್ನು ಆದಷ್ಟು ಬೇಗ ಬಿಡಿ ಎಂದು ಹೇಳುತ್ತೇನೆ.

ವಿನಾಯಿತಿಗಳು ಎರಡು ಬಗೆ. ಸಮಾಸ ಪದಗಳಲ್ಲಿ ಗುಂಪುಗಳು ಬೆರೆಯುತ್ತವೆ: ನ್ವ (ಮಗು) ಮತ್ತು ನ್ನೆ (ತಾಯಿ) ಸೇರಿ ಒಡಹುಟ್ಟಿದವರು ಎಂಬ ಅರ್ಥದ ನ್ವನ್ನೆ ಆಗುತ್ತದೆ, ಅದರಲ್ಲಿ 'ಎ' ಮತ್ತು 'ಇ' ಎರಡೂ ಇವೆ. ಎರಡನೆಯದಾಗಿ, ಕೆಲವು ಪ್ರತ್ಯಯಗಳು ಯಾವ ಗುಂಪಿನ ಧಾತು ಬಂದರೂ ಬದಲಾಗುವುದಿಲ್ಲ. 'ಕೂಡ' ಎಂಬರ್ಥದ ಕ್ವ ಅಂಥದ್ದು. ನಿಷೇಧದ ಪ್ರತ್ಯಯ ಮಾತ್ರ ಬದಲಾಗುತ್ತದೆ, ಅದರ 'ಐ'ಗೆ ಧಾತುವನ್ನು ನೋಡಿ ಚುಕ್ಕೆ ಇಡಬೇಕು.

ಮೂರನೆಯ ಹೆಜ್ಜೆ: ಜೋಡಿ ಅಕ್ಷರಗಳು

ಕನ್ನಡಿಗರಿಗೆ ಇಲ್ಲಿ ಒಂದು ಅನುಕೂಲವಿದೆ, ಒಂದು ಅಪಾಯವೂ ಇದೆ. ಅಪಾಯ ಮೊದಲು. ನಾವು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಬರೆದು 'ಜಿ-ಎಚ್' ಎಂದರೆ ಮಹಾಪ್ರಾಣ ಎಂದು ರೂಢಿ ಮಾಡಿಕೊಂಡಿದ್ದೇವೆ. ಇಗ್ಬೊದಲ್ಲಿ ಅದು ಘ ಅಲ್ಲ. ಗಂಟಲಿನ ಹತ್ತಿರ ಗಾಳಿಯನ್ನು ಪೂರ್ತಿ ತಡೆಯದೆ ಉಜ್ಜಿದಂತೆ ಬಿಡುವ ಗಕಾರ. ಉರ್ದುವಿನಲ್ಲಿ ಗಝಲ್ ಎನ್ನುವಾಗಿನ ಮೊದಲ ವ್ಯಂಜನ. ಯುದ್ಧ ಎಂಬರ್ಥದ ಪದವನ್ನು 'ಎ', 'ಜಿ-ಎಚ್', 'ಎ' ಎಂದು ಬರೆದು ಅಭ್ಯಾಸ ಮಾಡಿ. ಹಾಗೆಯೇ 'ಇ' ಎರಡು ಸಲ ಬಂದರೆ ಈಕಾರ ಎಂದು ಓದುವ ಚಟವನ್ನೂ ಬಿಡಬೇಕು. 'ಹೌದು' ಎಂಬುದಕ್ಕೆ ಇಗ್ಬೊದಲ್ಲಿ ಎರಡು 'ಇ' ಬರೆಯುತ್ತಾರೆ, ಉಚ್ಚಾರಣೆ ಎಎ.

ಅನುಕೂಲ ಯಾವುದೆಂದರೆ ಙ ಮತ್ತು ಞ. ಶಾಲೆಯಲ್ಲಿ ಬಾಯಿಪಾಠ ಮಾಡಿ ಆಮೇಲೆ ಒಂಟಿಯಾಗಿ ಎಲ್ಲೂ ಬಳಸದ ಈ ಎರಡು ಅಕ್ಷರ ಇಗ್ಬೊದಲ್ಲಿ ದಿನನಿತ್ಯದ ಮಾತಿನಲ್ಲಿವೆ. 'ಎನ್-ವೈ' ಎಂದರೆ ಞ. ಞೆ ಎಂದರೆ ಕೊಡು. ಅದನ್ನು ನ್ಯೆ ಎಂದು ಒಡೆದು ಓದಬೇಡಿ. 'ಚುಕ್ಕೆ-ಎನ್' ಎಂದರೆ ಙ. ಙು ಎಂದರೆ ಕುಡಿ. ಅಙು ಎಂದರೆ ಜೇನುನೊಣ, ಅನು ಎಂದರೆ ಮಾಂಸ. ಎರಡರಲ್ಲೂ ಕೊನೆಯದು 'ಚುಕ್ಕೆ-ಯು', ನಡುವಿನ 'ಎನ್' ಮೇಲಿನ ಚುಕ್ಕೆಯೊಂದೇ ಭೇದ. ಇಂಗ್ಲಿಷ್ ಮಾತೃಭಾಷೆಯವರು ಪದದ ಆದಿಯಲ್ಲಿ ಙ ಹೇಳಲು ಒದ್ದಾಡುತ್ತಾರೆ, ನಮಗೆ ವರ್ಣಮಾಲೆಯೇ ಅದನ್ನು ಕಲಿಸಿಬಿಟ್ಟಿದೆ. 'ಎನ್-ಡಬ್ಲ್ಯೂ' ಕೂಡ ಙಕಾರವೇ, ತುಟಿಯನ್ನು ದುಂಡಗೆ ಮಾಡಿ ಹೇಳಿದ್ದು.

ಇನ್ನು 'ಜಿ-ಬಿ' ಮತ್ತು 'ಕೆ-ಪಿ'. ಇವು ಕನ್ನಡದಲ್ಲಿಲ್ಲ, ಹತ್ತಿರದ್ದೂ ಇಲ್ಲ. ನಾವು ಇಗ್ಬೊ ಎಂದು ಬರೆದು ಇಗ್-ಬೊ ಎಂದು ಎರಡಾಗಿ ಮುರಿಯುತ್ತೇವೆ. ಮೊದಲು ಗ್, ಆಮೇಲೆ ಬ. ಇಗ್ಬೊದವರ ಬಾಯಲ್ಲಿ ಅದು ಇ-ಗ್ಬೊ. ನಾಲಿಗೆಯ ಹಿಂಭಾಗ ಅಂಗುಳಕ್ಕೆ ತಾಗಿ ಗಕಾರಕ್ಕೆ ಸಿದ್ಧವಾಗಿರುತ್ತದೆ, ಅದೇ ಹೊತ್ತಿಗೆ ತುಟಿಗಳು ಬಕಾರಕ್ಕೆ ಮುಚ್ಚಿರುತ್ತವೆ, ಎರಡೂ ಒಟ್ಟಿಗೇ ಬಿಡುತ್ತವೆ. ಕನ್ನಡಿಯ ಮುಂದೆ ನಿಂತು ಬ ಹೇಳಲು ತುಟಿ ಮುಚ್ಚಿ. ಮುಚ್ಚಿದ ಹಾಗೆಯೇ ಗ ಹೇಳುವ ಜಾಗಕ್ಕೆ ನಾಲಿಗೆ ಒತ್ತಿ. ಈಗ ಎರಡನ್ನೂ ಒಮ್ಮೆಲೇ ತೆರೆಯಿರಿ. ಹಳೆಯ ಇಂಗ್ಲಿಷ್ ಬರಹಗಳಲ್ಲಿ ಈ ಭಾಷೆಯನ್ನು 'ಇಬೊ' ಎಂದು ಬರೆದದ್ದು ಈ ಧ್ವನಿ ಆ ಬರಹಗಾರರ ಬಾಯಿಗೆ ಒಗ್ಗದೆ ಹೋದದ್ದರಿಂದ. ಇವತ್ತು ಆ ರೂಪವನ್ನು ಬಳಸಬೇಡಿ.

ಉಳಿದವು ಸುಲಭ. 'ಸಿ-ಎಚ್' ಚಕಾರ. 'ಕೆ-ಡಬ್ಲ್ಯೂ', 'ಜಿ-ಡಬ್ಲ್ಯೂ' ತುಟಿ ದುಂಡಗಾದ ಕ ಮತ್ತು ಗ. ಪುಸ್ತಕ ಎಂಬರ್ಥದ ಅಕ್ವುಕ್ವೊ ಪದದಲ್ಲಿ ಅಕ್ಷರ ಐದೇ: 'ಎ', 'ಕೆ-ಡಬ್ಲ್ಯೂ', 'ಚುಕ್ಕೆ-ಯು', 'ಕೆ-ಡಬ್ಲ್ಯೂ', 'ಚುಕ್ಕೆ-ಓ'. 'ಎಸ್-ಎಚ್' ಅಪರೂಪ.

ನಾಲ್ಕನೆಯ ಹೆಜ್ಜೆ: ಒಂಟಿ ನಿಲ್ಲುವ ಅನುನಾಸಿಕ

ಇಗ್ಬೊ ಪದಗಳು ಎರಡು 'ಎಂ' ಅಥವಾ ಎರಡು 'ಎನ್'ನಿಂದ ಶುರುವಾಗುವುದನ್ನು ನೋಡಿ ಹೊಸಬರು ಮುದ್ರಣದ ತಪ್ಪು ಎಂದುಕೊಳ್ಳುತ್ತಾರೆ. ಅದು ತಪ್ಪಲ್ಲ. ಮೊದಲ ಅನುನಾಸಿಕವೇ ಒಂದು ಪೂರ್ಣ ಉಚ್ಚಾರ ಘಟಕ. ನೀರು ಎಂಬುದು ಮ್-ಮಿ-ರಿ, ಮೂರು ತಾಳ. ತಾಯಿ ನ್-ನೆ, ತಂದೆ ನ್-ನ. ನೈಜೀರಿಯಾದ ಮೊದಲ ಅಧ್ಯಕ್ಷ ಅಝಿಕಿವೆ ಅವರ ಮೊದಲ ಹೆಸರನ್ನು ನಮ್ಮಲ್ಲಿ ನಾಮ್ದಿ ಎಂದು ಬರೆಯುವುದುಂಟು. ಅದನ್ನು ಬಿಡಿಸಿದರೆ ನ್-ನ-ಮ್-ದಿ, ನಾಲ್ಕು ತಾಳ: ನ್ನ ಎಂದರೆ ತಂದೆ, ಮ್ ಎಂದರೆ ನನ್ನ, ದಿ ಎಂದರೆ ಇದ್ದಾನೆ. ಕೊನೆಯ 'ಐ'ಗೆ ಕೆಳಗೆ ಚುಕ್ಕೆ ಇರಬೇಕು, ಹೆಸರುಗಳಲ್ಲಿ ಅದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

'ಎಂ' ಎಲ್ಲಿ, 'ಎನ್' ಎಲ್ಲಿ? ಮುಂದೆ ತುಟಿಯಿಂದ ಹುಟ್ಟುವ ವ್ಯಂಜನ ಬಂದರೆ 'ಎಂ', ಬೇರೆಯದು ಬಂದರೆ 'ಎನ್'. ಅಂಬು, ಅಂಕ ಎರಡಕ್ಕೂ ನಾವು ಒಂದೇ ಸೊನ್ನೆ ಇಟ್ಟು ಮುಂದಿನ ಅಕ್ಷರದ ಮೇಲೆ ಉಚ್ಚಾರ ಬದಲಿಸುವುದನ್ನು ನೆನೆದರೆ ಇದು ಹೊಸದಲ್ಲ. ನಾಯಿ ಎಂಬರ್ಥದ ನ್ಕಿತ ಪದಕ್ಕೆ 'ಎನ್', ಏಕೆಂದರೆ ಮುಂದಿರುವುದು 'ಕೆ'. ಬೀಜ ಎಂಬರ್ಥದ ಮ್ಕ್ಪುರು ಪದಕ್ಕೆ 'ಎಂ', ಏಕೆಂದರೆ 'ಕೆ-ಪಿ'ಯಲ್ಲಿ ತುಟಿಗಳು ಮುಚ್ಚಿರುತ್ತವೆ. ಕಣ್ಣಿಗೆ ಎರಡರಲ್ಲೂ 'ಕೆ' ಕಂಡರೂ ಬಾಯಿ ಮಾಡುವ ಕೆಲಸ ಬೇರೆ.

ಐದನೆಯ ಹೆಜ್ಜೆ: ಕೂಡಿಸುವುದು, ಬಿಡಿಸುವುದು

ಮೂರು 'ನ'ಗಳನ್ನು ಬೇರ್ಪಡಿಸಿದರೆ ಇದರ ಬಹುಪಾಲು ಮುಗಿಯಿತು. 'ಮತ್ತು' ಎಂಬರ್ಥದ ನ ಬಿಡಿಯಾಗಿ ನಿಲ್ಲುತ್ತದೆ: ನ್ನೆ ನ ನ್ನ, ತಾಯಿ ತಂದೆ. 'ಅಲ್ಲಿ' ಎಂಬರ್ಥದ ನ ಮುಂದಿನ ಪದ ಸ್ವರದಿಂದ ಶುರುವಾದರೆ ತನ್ನ ಸ್ವರ ಕಳೆದುಕೊಂಡು, ಆ ಜಾಗದಲ್ಲಿ ಲೋಪ ಚಿಹ್ನೆ ಪಡೆಯುತ್ತದೆ: ನ್'ಉಲೊ, ಮನೆಯಲ್ಲಿ, ನ್'ಅಹಿಅ, ಸಂತೆಯಲ್ಲಿ. ನಡೆಯುತ್ತಿರುವ ಕ್ರಿಯೆಯನ್ನು ತಿಳಿಸುವ ನ ಕ್ರಿಯಾಪದಕ್ಕೆ ಅಡ್ಡಗೆರೆಯಿಂದ ಸೇರುತ್ತದೆ: ಒ ನ-ಅಗ, ಅವನು ಹೋಗುತ್ತಿದ್ದಾನೆ. ಭವಿಷ್ಯದ ಗ ಕೂಡ ಹಾಗೆಯೇ ಅಡ್ಡಗೆರೆಯಿಂದ ಸೇರುತ್ತದೆ. 'ನನ್ನ' ಎಂಬ ಒಂಟಿ 'ಎಂ' ಮಾತ್ರ ನಾಮಪದದ ಮುಂದೆ ಜಾಗ ಬಿಟ್ಟು ನಿಲ್ಲುತ್ತದೆ: ಅಕ ಮ್, ನನ್ನ ಕೈ.

ಆರನೆಯ ಹೆಜ್ಜೆ: ಏರಿಳಿತ

ಇಗ್ಬೊದಲ್ಲಿ ಸ್ವರದ ಎತ್ತರ ಅರ್ಥವನ್ನು ಬದಲಿಸುತ್ತದೆ. ಅಕ್ವ ಎಂಬ ಒಂದೇ ಕಾಗುಣಿತ ನಾಲ್ಕು ಪದಗಳಿಗೆ ಸಲ್ಲುತ್ತದೆ: ಎತ್ತರ-ಎತ್ತರ ಎಂದರೆ ಅಳು, ಎತ್ತರ-ತಗ್ಗು ಎಂದರೆ ಬಟ್ಟೆ, ತಗ್ಗು-ಎತ್ತರ ಎಂದರೆ ಮೊಟ್ಟೆ, ತಗ್ಗು-ತಗ್ಗು ಎಂದರೆ ಹಾಸಿಗೆ. ಎಝೆ ಎಂಬುದು ಎತ್ತರ-ತಗ್ಗಾದರೆ ರಾಜ, ಎತ್ತರ-ಎತ್ತರವಾದರೆ ಹಲ್ಲು. ಮೂರನೆಯದೊಂದು ಉಂಟು, ಎತ್ತರದ ನಂತರ ಅರ್ಧ ಮೆಟ್ಟಿಲು ಇಳಿಯುವುದು. ಹಣ ಎಂಬರ್ಥದ ಎಗೊ ಪದದ ಕೊನೆಯಲ್ಲಿ ಅದು ಬರುತ್ತದೆ.

ಗುರುತು ಹಾಕುವ ಒಂದು ಸರಳ ಪದ್ಧತಿ: ಎತ್ತರಕ್ಕೆ ಗುರುತಿಲ್ಲ, ತಗ್ಗಿಗೆ ಎಡದಿಂದ ಬಲಕ್ಕೆ ಇಳಿಯುವ ಸಣ್ಣ ಗೆರೆ, ಅರ್ಧ ಮೆಟ್ಟಿಲಿಗೆ ಅಡ್ಡಗೆರೆ, ಮೂರೂ ಅಕ್ಷರದ ತಲೆಯ ಮೇಲೆ. ಎತ್ತರಕ್ಕೂ ಏರುವ ಗೆರೆ ಹಾಕುವ ಪದ್ಧತಿಯೂ ಇದೆ. ದಿನಬಳಕೆಯ ಬರವಣಿಗೆಯಲ್ಲಿ ಈ ಗುರುತುಗಳನ್ನು ಸಾಮಾನ್ಯವಾಗಿ ಹಾಕುವುದೇ ಇಲ್ಲ, ಓದುಗರು ಸಂದರ್ಭದಿಂದ ತಿಳಿದುಕೊಳ್ಳುತ್ತಾರೆ. ನನ್ನ ಸಲಹೆ: ಪತ್ರ, ಸಂದೇಶ ಬರೆಯುವಾಗ ನೀವೂ ಬಿಡಿ, ಆದರೆ ನಿಮ್ಮ ಪದಪಟ್ಟಿಯಲ್ಲಿ ಪ್ರತಿ ಪದಕ್ಕೂ ಹಾಕಿ. ಹೊಸ ಪದ ಕೇಳಿದಾಗ ಅಕ್ಷರ ಬಿಟ್ಟು ಬರಿಯ ರಾಗವನ್ನು ಮೊದಲು ಗುನುಗಿ, ಆಮೇಲೆ ಪದ ಹೇಳಿ. ಸ್ವರದ ಕೆಳಗಿನ ಚುಕ್ಕೆಯ ವಿಷಯ ಬೇರೆ. ಅವಸರದ ಸಂದೇಶಗಳಲ್ಲಿ ಇಗ್ಬೊದವರೇ ಅದನ್ನು ಬಿಡುತ್ತಾರೆ, ಅವರಿಗೆ ಅದು ನಡೆಯುತ್ತದೆ. ಕಲಿಯುವವರು ಒಂದು ದಿನವೂ ಬಿಡಬಾರದು.

ಏಳನೆಯ ಹೆಜ್ಜೆ: ಮೊಬೈಲ್ ಮತ್ತು ಕಂಪ್ಯೂಟರ್

ಮೊಬೈಲಿನಲ್ಲಿ ಜಿಬೋರ್ಡ್ ಇದ್ದರೆ ಅದರ ಭಾಷೆಗಳ ಪಟ್ಟಿಯಲ್ಲಿ ಇಗ್ಬೊ ಸೇರಿಸಿಕೊಳ್ಳಿ. ವಿಂಡೋಸ್‌ನಲ್ಲೂ ಇಗ್ಬೊ ಕೀಲಿಮಣೆ ಇದೆ. ಅದೂ ಬೇಡವೆಂದರೆ ವರ್ಡ್‌ನಲ್ಲಿ ಹೀಗೆ ಮಾಡಿ: 'ಓ' ಬರೆದು, ಅದಕ್ಕೆ ಅಂಟಿಕೊಂಡಂತೆ 0323 ಎಂದು ಬರೆದು, ಆಲ್ಟ್ ಕೀಲಿಯೊಂದಿಗೆ ಎಕ್ಸ್ ಒತ್ತಿ, ಅಂಕಿಗಳು ಮಾಯವಾಗಿ ಅಕ್ಷರದ ಕೆಳಗೆ ಚುಕ್ಕೆ ಬರುತ್ತದೆ. 0307 ಮೇಲಿನ ಚುಕ್ಕೆ, 0300 ತಗ್ಗಿನ ಗೆರೆ, 0301 ಏರುವ ಗೆರೆ, 0304 ಅಡ್ಡಗೆರೆ. ಒಂದು ಎಚ್ಚರಿಕೆ: 'ಎ' ಅಥವಾ 'ಇ' ಮೇಲೆ ಗೆರೆ ಹಾಕುವಾಗ ಅಂಕಿಗಳನ್ನಷ್ಟೇ ಆಯ್ದುಕೊಂಡು ಆಮೇಲೆ ಕೀಲಿ ಒತ್ತಬೇಕು, ಇಲ್ಲವಾದರೆ ವರ್ಡ್ ಆ ಅಕ್ಷರವನ್ನೂ ಸಂಖ್ಯೆಯ ಭಾಗವೆಂದೇ ಎಣಿಸುತ್ತದೆ. ಸ್ವರಕ್ಕೆ ಕೆಳಗಿನ ಚುಕ್ಕೆ, ಮೇಲಿನ ಗೆರೆ ಎರಡೂ ಬೇಕಾದರೆ ಚುಕ್ಕೆ ಮೊದಲು, ಗೆರೆ ಆಮೇಲೆ. ನೋಟೊ ಸ್ಯಾನ್ಸ್, ಜೆಂಟಿಯಮ್ ಫಾಂಟ್‌ಗಳಲ್ಲಿ ಎಲ್ಲವೂ ಸರಿಯಾಗಿ ಕೂರುತ್ತವೆ.

ಎಂಟನೆಯ ಹೆಜ್ಜೆ: ಹಳೆಯ ಬರಹ, ಬೇರೆ ಊರಿನ ಮಾತು

ಪುಸ್ತಕಗಳಲ್ಲಿ ಒಂದೇ ಪದ ಎರಡು ಮೂರು ಬಗೆಯಲ್ಲಿ ಕಂಡರೆ ಗಾಬರಿ ಬೇಡ. ಹತ್ತೊಂಬತ್ತನೆಯ ಶತಮಾನದ ಮಿಷನರಿಗಳು ಜರ್ಮನಿಯ ಲೆಪ್ಸಿಯಸ್ ರೂಪಿಸಿದ ಲಿಪಿಕ್ರಮದಲ್ಲಿ ಬರೆದರು. ಕ್ರೌದರ್ ಅವರ ಇಗ್ಬೊ ಬಾಲಬೋಧೆ ಬಂದದ್ದು 1857ರಲ್ಲಿ. 1929ರಲ್ಲಿ ವಸಾಹತು ಸರಕಾರ ಬೇರೆ ಲಿಪಿಕ್ರಮವನ್ನು ತರಲು ಹೊರಟಿತು, ಕ್ಯಾಥೊಲಿಕ್ ಮಿಷನ್ ಅದನ್ನು ಒಪ್ಪಿತು, ಆಂಗ್ಲಿಕನ್ ಮಿಷನ್ ಹಳೆಯದನ್ನೇ ಹಿಡಿದು ನಿಂತಿತು. ಮಕ್ಕಳು ಯಾವ ಶಾಲೆಗೆ ಹೋದರೋ ಆ ಕಾಗುಣಿತ ಎಂಬಂತಾಗಿ ಜಗಳ 1961ರವರೆಗೂ ಎಳೆಯಿತು. ಒಂದು ಭಾಷೆಯ ಓದುಗರನ್ನು ಮೂವತ್ತು ವರ್ಷ ಹೀಗೆ ಒಡೆದು ಇಟ್ಟದ್ದು ಆ ಭಾಷೆಗೆ ಆದ ದೊಡ್ಡ ನಷ್ಟ ಎಂದೇ ನಾನು ತಿಳಿಯುತ್ತೇನೆ. ಇಂದಿಗೂ ಕೆಲವರು 'ಚುಕ್ಕೆ-ಎನ್' ಬದಲು ಸ್ಪ್ಯಾನಿಷಿನಲ್ಲಿರುವಂತೆ ಅಲೆಗೆರೆಯ 'ಎನ್' ಬರೆಯುತ್ತಾರೆ. ಎರಡೂ ಒಂದೇ ಎಂದು ಓದಿಕೊಳ್ಳಿ.

ಊರಿನಿಂದ ಊರಿಗೆ ಉಚ್ಚಾರವೂ ಬೇರೆ. ಪ್ರಮಾಣ ಬರಹದ ಉಲೊ (ಮನೆ) ಒನಿಚಾ ಕಡೆ ಉನೊ ಆಗುತ್ತದೆ, ಅಹಿಅ (ಸಂತೆ) ಅಫಿಅ ಆಗುತ್ತದೆ. ಗೆಳೆಯರ ಬಾಯಲ್ಲಿ ಕೇಳಿದ್ದನ್ನು ತಿದ್ದಲು ಹೋಗಬೇಡಿ. ಪದಪಟ್ಟಿಯಲ್ಲಿ ಪ್ರಮಾಣ ರೂಪ ಬರೆದು, ಪಕ್ಕದಲ್ಲಿ ಕೇಳಿದ ರೂಪವನ್ನೂ ಊರಿನ ಹೆಸರಿನೊಂದಿಗೆ ಬರೆದಿಡಿ.

ಅಭ್ಯಾಸಕ್ಕೆ ಬಿಬಿಸಿ 2018ರಲ್ಲಿ ಆರಂಭಿಸಿದ ಇಗ್ಬೊ ಸೇವೆ ಒಳ್ಳೆಯದು. ಚಿಕ್ಕದೊಂದು ಸುದ್ದಿಯನ್ನು ಆರಿಸಿ, ಚುಕ್ಕೆ ಬಿಟ್ಟು ನಕಲು ಮಾಡಿ, ಮರುದಿನ ಮೂಲವನ್ನು ನೋಡದೆ ಚುಕ್ಕೆಗಳನ್ನು ತುಂಬಿ, ಆಮೇಲೆ ಹೋಲಿಸಿ. ಮೊದಲಿಗೆ ಈ ವಾಕ್ಯದಿಂದ ಪರೀಕ್ಷೆ ಮಾಡಿಕೊಳ್ಳಬಹುದು: 'ಒ ನ-ಅಙು ಮ್ಮಿರಿ', ಅವಳು ನೀರು ಕುಡಿಯುತ್ತಿದ್ದಾಳೆ. ಉತ್ತರ ಹೀಗಿರಬೇಕು: 'ಚುಕ್ಕೆ-ಓ', ಜಾಗ, 'ಎನ್', 'ಎ', ಅಡ್ಡಗೆರೆ, 'ಎ', 'ಚುಕ್ಕೆ-ಎನ್', 'ಚುಕ್ಕೆ-ಯು', ಜಾಗ, 'ಎಂ', 'ಎಂ', 'ಐ', 'ಆರ್', 'ಐ'. ಕೊನೆಯ ಪದದ ಎರಡು 'ಐ'ಗಳಿಗೆ ಕೆಳಗೆ ಚುಕ್ಕೆ ಇಟ್ಟಿದ್ದರೆ ಎರಡನೆಯ ಹೆಜ್ಜೆಗೆ ಹಿಂದಿರುಗಿ. ಗುಂಪು ಕೂಡುವುದು ಪದದ ಒಳಗೆ, ವಾಕ್ಯದ ಉದ್ದಕ್ಕೂ ಅಲ್ಲ.